ಕೃಪಾಂಕ

ಮಗ ಡಲ್ಲಾಸ್‌ನಿಂದ ಫೋನು ಮಾಡಿ, "ಅಪ್ಪಾ, ನಾ ಇನ್ನೊಂದ್ಸಲ ಫೇಲಾಗಬೇಕಂತ" ಅಂದಾಗ ನನ್ನ ಬಾಯಲ್ಲಿ ಅರ್ಧ ಮಿರ್ಚಿ ಇತ್ತು.

ಬೆಳಿಗ್ಗೆ ಏಳೂವರೆ. ರಾಯಚೂರಿನ ತೀನ್ ಕಂದೀಲ್ ಕಡೆಯ ಒಂದು ಬಂಡಿಯ ಮುಂದೆ ನಿಂತಿದ್ದೆ. ಅಂಗೈ ಮೇಲೆ ಪೇಪರಿನ ತುಂಡು, ಅದರ ಮೇಲೆ ಬಿಸಿ ವಗ್ಗರಣಿ, ಅದರ ತಲೆಯ ಮೇಲೆ ಎಣ್ಣೆ ಬಸಿಯುವ ಎರಡು ಮಿರ್ಚಿ. ಬೆಂಗಳೂರಿನವರು ಇದನ್ನು ಮಳೆ ಬಂದ ಸಂಜೆ ತಿನ್ನುವ ತಿಂಡಿ ಎಂದು ತಿಳಿದಿದ್ದಾರೆ. ನಮ್ಮಲ್ಲಿ ಮಳೆಗೆ ಕಾಯುತ್ತ ಕೂತರೆ ಮಿರ್ಚಿ ತಿನ್ನುವುದು ಯಾವಾಗ? ಹಾಗಾಗಿ ಬೆಳಗಿನ ನಾಷ್ಟಾಕ್ಕೇ ತಿಂದು ಮುಗಿಸುತ್ತೇವೆ. ಒಳಗೆ ಹಸಿಮೆಣಸಿನಕಾಯಿ, ಹೊರಗೆ ಕಡಲೆಹಿಟ್ಟಿನ ಅಂಗಿ, ಸುತ್ತ ಹೊತ್ತೇರಿದರೆ ನಲವತ್ಮೂರು ಡಿಗ್ರಿ ಮುಟ್ಟುವ ಬಿಸಿಲು. ಇಷ್ಟಾದ ಮೇಲೂ ಎದೆ ಉರಿಯದಿದ್ದರೆ ಡಾಕ್ಟರಿಗೆ ತೋರಿಸಬೇಕು.

ನಾನು ಮೂವತ್ಮೂರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ರಿಟೈರಾದವನು. ಫೇಲು ಎಂಬ ಶಬ್ದ ಕಿವಿಗೆ ಬಿದ್ದರೆ ಇವತ್ತಿಗೂ ಕೈ ತಾನಾಗಿಯೇ ಜೇಬಿನಲ್ಲಿ ಕೆಂಪು ಪೆನ್ನು ಹುಡುಕುತ್ತದೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನಮ್ಮ ಜಿಲ್ಲೆಯ ಹೆಸರನ್ನು ಪಟ್ಟಿಯ ಕೆಳಗಿನಿಂದ ಹುಡುಕಿ ರೂಢಿಯಾದವರು ನಾವು. ಅಂಥದರಲ್ಲಿ ಒಂದನೇ ಇಯತ್ತೆಯಿಂದ ಇಂಜಿನಿಯರಿಂಗ್‌ವರೆಗೆ ಒಮ್ಮೆಯೂ ಫೇಲಾಗದ ಮಗ, ನೌಕರಿ ಹಿಡಿದು ಎಂಟು ವರ್ಷವಾದ ಮೇಲೆ ಹೀಗೆನ್ನುತ್ತಿದ್ದಾನೆ.

"ಯಾವ ಸಬ್ಜೆಕ್ಟಿನಾಗ?" ಎಂದೆ.

"ಒಮೆಪ್ರಜೋಲ್‌ದಾಗ ಫೇಲಾಗೀನಿ. ಈಗ ಪ್ಯಾಂಟೊಪ್ರಜೋಲ್‌ದಾಗನೂ ಎಂಟು ವಾರ ಕೂತು ಫೇಲಾಗಬೇಕಂತ. ಆಮ್ಯಾಲೆ ಡಾಕ್ಟರು ಬರೆದ ಗುಳಿಗಿ ಕೊಡ್ತಾರಂತ."

ಎಲ್ಲ ಬಿಡಿಸಿ ಹೇಳುವಷ್ಟರಲ್ಲಿ ನನ್ನ ವಗ್ಗರಣಿ ಆರಿಹೋಯಿತು. ವಿಷಯ ಇಷ್ಟೇ. ಮಗನಿಗೆ ಎದೆಯುರಿ. ರಾತ್ರಿ ಮಲಗಿದರೆ ಹುಳಿನೀರು ಗಂಟಲಿಗೆ ಬರುತ್ತದೆ. ಅಲ್ಲಿಯ ಡಾಕ್ಟರು ವೋನೊಪ್ರಜಾನ್ ಎಂಬ ಹೊಸ ಗುಳಿಗೆ ಬರೆದಿದ್ದಾರೆ. ವಿಮಾ ಕಂಪನಿ, ನಮ್ಮಲ್ಲಿ ಮೆಟ್ಟಿಲು ಬಿಟ್ಟು ಮೆಟ್ಟಿಲು ಹತ್ತುವಂತಿಲ್ಲ ಎಂದಿದೆ. ಮೊದಲು ಅಗ್ಗದ ಗುಳಿಗೆ. ಅದು ನಾಟದಿದ್ದರೆ ಇನ್ನೊಂದು ಅಗ್ಗದ ಗುಳಿಗೆ. ಅದೂ ನಾಟಲಿಲ್ಲ ಎಂದು ಡಾಕ್ಟರು ಬರೆದುಕೊಟ್ಟರೆ ಆಗ ವಿಚಾರ ಮಾಡೋಣ. ಇದಕ್ಕೆ ಅವರು ಇಟ್ಟ ಹೆಸರು ಸ್ಟೆಪ್ ಥೆರಪಿ. ಬೇಸರಗೊಂಡ ರೋಗಿಗಳು ಇಟ್ಟ ಅಡ್ಡಹೆಸರು 'ಫೇಲ್ ಫಸ್ಟ್', ಅಂದರೆ ಮೊದಲು ಫೇಲಾಗಿ ಬಾ.

ಡಾಕ್ಟರ ಕಾಗದದಲ್ಲಿದ್ದ ಒಂದು ವಾಕ್ಯವನ್ನು ಮಗ ಕನ್ನಡ ಮಾಡಿ ಹೇಳಿದ: "ರೋಗಿಯು ಒಮೆಪ್ರಜೋಲ್‌ನಲ್ಲಿ ಫೇಲಾಗಿದ್ದಾನೆ." ಕೆಲಸ ಮಾಡದೆ ಹೋದದ್ದು ಗುಳಿಗೆ, ಫೇಲಾದವನು ರೋಗಿ. ಈ ನ್ಯಾಯ ನನಗೆ ಹೊಸದಲ್ಲ. ನಲವತ್ತು ಮಕ್ಕಳಲ್ಲಿ ಇಪ್ಪತ್ತೆಂಟು ಮಕ್ಕಳಿಗೆ ಲೆಕ್ಕ ತಿಳಿಯದಿದ್ದಾಗ ಫೇಲಾದವರು ಮಕ್ಕಳೇ. ಮಾಸ್ತರನಿಗೆ ಆ ವರ್ಷವೂ ಇಂಕ್ರಿಮೆಂಟ್ ಬಂದಿತ್ತು.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ, "ಇದರಾಗ ಹೊಸಾದು ಏನೈತ್ರಿ? ನಿಮ್ಮವ್ವ ಮಾಡ್ತಿದ್ದದ್ದೂ ಇದನ್ನ ಅಲ್ಲೇನು?" ಎಂದಳು.

ನಿಜವೇ. ಸ್ಟೆಪ್ ಥೆರಪಿಯನ್ನು ಅಮೆರಿಕದವರು ಕಂಡುಹಿಡಿದರು ಎಂದು ಯಾರಾದರೂ ಹೇಳಿದರೆ ನಾನು ದೇವದುರ್ಗದ ನಮ್ಮ ಅಡುಗೆಮನೆಯ ಕಟ್ಟೆ ತೋರಿಸುತ್ತೇನೆ. ಅಲ್ಲಿ ಅವ್ವ ಎಂಬ ಒಬ್ಬಳೇ ಇದ್ದ ಕಂಪನಿ ನಡೆಯುತ್ತಿತ್ತು. ಪ್ರೀಮಿಯಂ ಇಲ್ಲ, ಏಜೆಂಟರಿಲ್ಲ. ನಿಯಮ ಮಾತ್ರ ಕಲ್ಲಿನಲ್ಲಿ ಕೊರೆದಂತೆ.

ನಮ್ಮ ಕಡೆ ಊಟವೇ ಎದೆಯುರಿಗೆ ಹಾಕಿದ ಮುಂಗಡ ಅರ್ಜಿ. ಬಿಳಿಜೋಳದ ರೊಟ್ಟಿ ಪಾಪದ್ದು, ಅದರ ತಪ್ಪಿಲ್ಲ. ಆದರೆ ಅದರ ನೆರೆಹೊರೆ ನೋಡಿ: ಹುಳಿಹುಳಿ ಪುಂಡಿಪಲ್ಲೆ, ಎಣ್ಣೆಗಾಯಿ ಬದನೆ, ಶೇಂಗಾದ ಹಿಂಡಿ, ಮೇಲೊಂದು ಮುದ್ದೆ ಕೆಂಪುಖಾರ. ಉಂಡು ಅಂಗಳದಲ್ಲಿ ಅಡ್ಡಾದರೆ ಅರ್ಧ ತಾಸಿನಲ್ಲಿ ಒಳಗೆ ಶಕ್ತಿನಗರದ ಬಾಯ್ಲರು ಶುರು. ರಾಯಚೂರು ಶಾಖೋತ್ಪನ್ನ ಕೇಂದ್ರದಲ್ಲಿ ಇರುವುದು ಎಂಟು ಯೂನಿಟ್, 1,720 ಮೆಗಾವಾಟ್. ಒಂಬತ್ತನೆಯದು ನನ್ನ ಹೊಟ್ಟೆಯಲ್ಲಿದೆ ಎಂಬುದು ನನ್ನ ನಂಬಿಕೆ.

"ಅವ್ವಾ, ಎದಿ ಉರಿಯಾಕತ್ತೈತಿ" ಎಂದು ಅರ್ಜಿ ಹಾಕಿದರೆ ಮೊದಲ ಮೆಟ್ಟಿಲು: ಗಡಿಗೆಯ ತಣ್ಣೀರು ಒಂದು ಚೆಂಬು. "ಕುಡದು ಅಗಸಿತನಾ ಹೋಗಿ ಬಾ." ಕೆಲವೊಮ್ಮೆ ಉರಿ ಅಗಸಿಯಲ್ಲಿ ಗೆಳೆಯರ ಜೊತೆ ಗೋಲಿ ಆಡುವುದರಲ್ಲಿ ಮರೆತೇ ಹೋಗುತ್ತಿತ್ತು. ಎರಡನೆಯದು: ಒಂದು ಚಿಟಿಕೆ ಅಜವಾನ, ಒಂದು ಚಿಟಿಕೆ ಜೀರಿಗೆ, ಒಂದು ಹರಳು ಉಪ್ಪು. ಜಗಿಯಬೇಕು, ನುಂಗುವಂತಿಲ್ಲ. ಮೂರನೆಯದು ಮಜ್ಜಿಗೆ. ಬೆಣ್ಣೆ ತೆಗೆದು ನೀರು ಹೊಯ್ದ, ಹುಳಿಯಾಗದ ಮಜ್ಜಿಗೆ. ಅದಕ್ಕೆ ಚೂರು ಇಂಗು. ನಾಲ್ಕನೆಯದು ಗೋಲಿ ಸೋಡಾ. ಅದಕ್ಕೆ ದುಡ್ಡು ಬೇಕು, ದುಡ್ಡು ಅಪ್ಪನ ಜೇಬಿನಲ್ಲಿ. ಆದ್ದರಿಂದ ಅಲ್ಲಿ ಪೂರ್ವಾನುಮತಿ ಕಡ್ಡಾಯ. ಅಪ್ಪ ಜೇಬಿಗೆ ಕೈ ಹಾಕುವ ಮೊದಲು ಅವ್ವನ ಕಡೆ ನೋಡುತ್ತಿದ್ದ. ಅವ್ವ ತಲೆ ಆಡಿಸಿದರೆ ಮಂಜೂರು.

ಒಂದೊಂದು ಮೆಟ್ಟಿಲಿಗೂ ಒಂದೊಂದು ತಾಸು. ಫೇಲಾದೆನೋ ಇಲ್ಲವೋ ಎಂದು ತೀರ್ಮಾನಿಸುವವಳು ಅವ್ವ. "ತೇಗು ಬಂತೇನು?" ಬಂತು. "ಬರೇ ತೇಗೋ, ಹುಳಿ ತೇಗೋ?" ಬರೇ ತೇಗು ಬಂದರೆ ಪಾಸು, ಹೋಗಿ ಮಲಗು. ಹುಳಿ ತೇಗು ಬಂದರೆ ಫೇಲು, ಮುಂದಿನ ಮೆಟ್ಟಿಲು ಹತ್ತು. ಸೋಡಾದ ಆಸೆಗೆ ನಾನು ಎಷ್ಟೋ ಸಲ ಬರೇ ತೇಗನ್ನು ಹುಳಿ ಮಾಡಿ ಹೇಳಿದ್ದೇನೆ. ಅವ್ವ ನನ್ನ ಗದ್ದ ಹಿಡಿದು ಮುಖವನ್ನು ಚಿಮಣಿ ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಸುಳ್ಳಾದರೆ, "ಕಳ್ಳ, ಮಜ್ಜಿಗಿ ಕುಡಿ." ನಿಜವಾದರೆ, ಒಂದನೆಯದೂ ಇಲ್ಲ, ಎರಡನೆಯದೂ ಇಲ್ಲ. ಅವ್ವ ಅಲ್ಲಿಂದಲೇ ಕೂಗುತ್ತಿದ್ದಳು: "ಏ, ಇವನಿಗೆ ಸೋಡಾ ತಂದು ಕೊಡ್ರಿ, ಹುಡುಗನ ಮಾರಿ ಬಾಡೈತಿ."

ಐದನೆಯ ಮೆಟ್ಟಿಲೊಂದು ಇತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ, ನಾನು ರಾಯಚೂರಿನಲ್ಲಿ ಮನೆ ಮಾಡಿ, ತಲೆಗೂದಲು ನರೆತ ಮೇಲೆ. ಒಂದು ಎಳ್ಳಮಾಸಿಗೆ ಊರಿಗೆ ಹೋಗಿ, ಹೊಲದಲ್ಲಿ ಸಜ್ಜೆರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹೋಳಿಗೆ ಎಲ್ಲ ಒಟ್ಟಿಗೆ ಉಂಡು ರಾತ್ರಿ ಒದ್ದಾಡುತ್ತಿದ್ದೆ. ಮಜ್ಜಿಗೆಯೂ ಸೋತಿತು. ಅವ್ವ ಕತ್ತಲಲ್ಲೇ ಎದ್ದು, ಟ್ರಂಕಿನ ಮುಚ್ಚಳ ತೆಗೆದ ಸಪ್ಪಳ ಕೇಳಿಸಿತು. ನನ್ನ ಅಂಗೈಯಲ್ಲಿ ಒಂದು ಗುಳಿಗೆ ಇಟ್ಟಳು. "ಇದು ಎಲ್ಲಿತ್ತವ್ವಾ?" ಎಂದೆ. "ಇತ್ತು, ನುಂಗು" ಎಂದಳು. ಮುಂದಿನ ವರ್ಷ ಯುಗಾದಿಯಲ್ಲೂ ಹಾಗೇ ಆಯಿತು. ಅವ್ವನ ಟ್ರಂಕಿನಲ್ಲಿ ಹಳೆಯ ಬೆಳ್ಳಿರೂಪಾಯಿಯಿಂದ ಹಿಡಿದು ಅಪ್ಪನ ಕನ್ನಡಕದವರೆಗೆ ಏನೇನೋ ಇದ್ದವು. ಗುಳಿಗೆಯೂ ಇರಬಹುದು ಎಂದುಕೊಂಡೆ. ಹೆಚ್ಚು ಕೇಳಲಿಲ್ಲ.

ಮದುವೆಯಾದಾಗ ನನ್ನ ಪಾಲಿಸಿ ಬದಲಾಯಿತು.

ಹೆಂಡತಿಯ ತವರು ಮಾನ್ವಿ. ದೇವದುರ್ಗಕ್ಕೂ ಮಾನ್ವಿಗೂ ಜಿಲ್ಲೆ ಒಂದೇ, ಭಾಷೆ ಒಂದೇ, ಆದರೆ ಹೊಟ್ಟೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಆ ಸೀಮೆಯಲ್ಲಿ ಜೋಳದ ಹೊಲ ಹೋಗಿ ಭತ್ತದ ಗದ್ದೆ ಬಂತು. ತಾಟಿನಲ್ಲಿ ರೊಟ್ಟಿಯ ಪಕ್ಕಕ್ಕೆ ಬಂದು ಕೂತ ಸೋನಾಮಸೂರಿ ಅನ್ನ ನಿಧಾನವಾಗಿ ರೊಟ್ಟಿಯನ್ನೇ ಒತ್ತಿ ಕೂತಿತು. ನಮ್ಮ ಅತ್ತೆಯ ಸಿದ್ಧಾಂತ ಏನೆಂದರೆ, ಎದೆಯುರಿ ಬರುವುದೇ ರೊಟ್ಟಿಯಿಂದ. ಮೆತ್ತನೆ ಅನ್ನಕ್ಕೆ ಮಜ್ಜಿಗೆ ಕಲಸಿ ಉಂಡರೆ ಯಾವ ಉರಿಯೂ ನಿಲ್ಲುವುದಿಲ್ಲ. ಮೊದಲ ಸಲ ಅಳಿಯತನ ಮಾಡಲು ಹೋದವನು ಎದೆ ಹಿಡಿದುಕೊಂಡು ಕೂತಾಗ, "ನಾನು ಆಗಲೇ ಮಜ್ಜಿಗೆ ಕುಡಿದೆ ಅತ್ತೀ, ಜೀರಿಗೆನೂ ಆತು" ಎಂದು ದೇವದುರ್ಗದ ದಾಖಲೆಯೆಲ್ಲ ಒಪ್ಪಿಸಿದೆ. ಅತ್ತೆ ಒಂದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. "ಅದು ನಿಮ್ಮೂರಾಗ. ಇಲ್ಲಿ ಮೊದಲ ಅನ್ನ ಉಣ್ರಿ" ಎಂದರು.

ಇದನ್ನು ಮಗನಿಗೆ ಹೇಳಿದಾಗ ಅವನು ನಗುತ್ತ, "ಇಲ್ಲೂ ಹಂಗಪ್ಪಾ" ಎಂದ. ಅಲ್ಲಿ ನೌಕರಿ ಬದಲಿಸಿದರೆ ವಿಮಾ ಕಂಪನಿಯೂ ಬದಲಾಗುವುದು ಸಾಮಾನ್ಯ. ಹಳೆಯ ಕಂಪನಿಯಲ್ಲಿ ಫೇಲಾದದ್ದನ್ನು ಹೊಸ ಕಂಪನಿ ಒಪ್ಪದೆ, ಒಂದನೇ ಮೆಟ್ಟಿಲಿನಿಂದ ಬಾ ಎನ್ನುವುದೂ ಉಂಟು. ಟಿಸಿ ಇಲ್ಲದೆ ಶಾಲೆ ಬದಲಿಸಿದ ಹುಡುಗನನ್ನು ಮತ್ತೆ ಒಂದನೇ ಇಯತ್ತೆಗೆ ಕೂರಿಸಿದ ಹಾಗೆ.

ಅವತ್ತು ಸಂಜೆ ಗಣಿತದ ಮಾಸ್ತರ ಜಾಗೃತನಾದ. ಮಗ ಫೇಲಾಗುವುದು ಖಚಿತವಾದರೆ ಸರಿಯಾಗಿ ಫೇಲಾಗಲಿ. ಗುಳಿಗೆಗಳ ಪಾಠ ಓದತೊಡಗಿದೆ.

ನಮ್ಮ ರೈತರಿಗೆ ತಿಳಿಯುವಂತೆ ಹೇಳಿದರೆ ಹೀಗೆ. ಹೊಟ್ಟೆ ಒಂದು ಗದ್ದೆ, ಅಲ್ಲಿ ಆಸಿಡ್ ಎತ್ತುವ ಪಂಪುಸೆಟ್ಟುಗಳಿವೆ. ಡಾಕ್ಟರು ಕೂಡ ಅವುಗಳಿಗೆ ಪ್ರೋಟಾನ್ ಪಂಪ್ ಎಂದೇ ಹೆಸರಿಟ್ಟಿದ್ದಾರೆ. ಗದ್ದೆಗೂ ಗಂಟಲಿಗೂ ನಡುವೆ ಒಂದು ತೂಬು ಇದೆ. ತೂಬು ಸಡಿಲಾದರೆ ನೀರು ಮೇಲ್ಮುಖವಾಗಿ ಹರಿಯುತ್ತದೆ, ಅದೇ ಎದೆಯುರಿ. ಡೈಜಿನ್, ಜೆಲುಸಿಲ್, ಇನೋ ಇವೆಲ್ಲ ಗದ್ದೆಗೆ ಬಂದುಬಿದ್ದ ಆಸಿಡ್ಡನ್ನು ಅಲ್ಲೇ ಸಪ್ಪೆ ಮಾಡುವ ಕೂಲಿಗಳು. ಪಂಪಿನ ತಂಟೆಗೆ ಅವು ಹೋಗುವುದಿಲ್ಲ. ರಾನಿಟಿಡಿನ್ ಜಾತಿಯವು ಸ್ಟಾರ್ಟರ್ ಒತ್ತಲು ಬಂದ ಕೈ ಹಿಡಿಯುತ್ತವೆ. ಈ ದಾರಿ ತೋರಿಸಿದ ಜೇಮ್ಸ್ ಬ್ಲ್ಯಾಕ್ ಅವರಿಗೆ 1988ರಲ್ಲಿ ನೊಬೆಲ್ ಬಂತು. ಅದೇ ವರ್ಷ ಸ್ವೀಡನ್ನಿನಲ್ಲಿ ಒಮೆಪ್ರಜೋಲ್ ಮಾರಾಟಕ್ಕೆ ಬಂತು. ಇದು ನೇರವಾಗಿ ಪಂಪಿನ ಫ್ಯೂಜಿಗೇ ಕೈ ಹಾಕುವಂಥದ್ದು. ಆದರೆ ಪಂಪು ಓಡುತ್ತಿರುವಾಗ ಮಾತ್ರ ಫ್ಯೂಜು ಸಿಗುತ್ತದೆ. ಅದಕ್ಕೇ ಊಟಕ್ಕೆ ಅರ್ಧ ತಾಸು ಮೊದಲು ನುಂಗಬೇಕು. ನಮ್ಮಲ್ಲಿ ಬಹಳ ಮಂದಿ ಉಂಡು, ಎಲೆ ಅಡಿಕೆ ಹಾಕಿ, ಆಮೇಲೆ ನುಂಗಿ, "ಗುಳಿಗಿ ಹತ್ತಲಿಲ್ಲ" ಎನ್ನುತ್ತಾರೆ. ನಮ್ಮ ಅರ್ಧ ಫೇಲು ಹೀಗೆ ಪ್ರಶ್ನೆಪತ್ರಿಕೆ ಓದದೆ ಆದ ಫೇಲು. ಮಗನಿಗೆ ಬರೆದ ವೋನೊಪ್ರಜಾನ್ ಊಟದ ಹೊತ್ತಿಗೆ ಕಾಯದೆ ಪಂಪು ಹಿಡಿಯುತ್ತದಂತೆ. ಜಪಾನಿನವರು ಹತ್ತು ವರ್ಷದಿಂದ ನುಂಗುತ್ತಿದ್ದಾರೆ. ಅಮೆರಿಕದಲ್ಲಿ ಅದಕ್ಕೆ ಎದೆಯುರಿಯ ಬಾಬಿನಲ್ಲಿ ಅಪ್ಪಣೆ ಸಿಕ್ಕದ್ದು 2023ರ ಕೊನೆಗೆ.

ಓದುವಾಗ ಒಂದು ಸಮಾಧಾನದ ಕಥೆಯೂ ಸಿಕ್ಕಿತು. ಹೊಟ್ಟೆಹುಣ್ಣಿಗೆ ಖಾರವೂ ಚಿಂತೆಯೂ ಕಾರಣ ಎಂದು ಜಗತ್ತೆಲ್ಲ ನಂಬಿದ್ದ ಕಾಲದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಎಂಬ ಡಾಕ್ಟರು, ಅಲ್ಲ, ಅದು ರೋಗಾಣು ಎಂದರು. ಯಾರೂ ನಂಬಲಿಲ್ಲ. 1984ರಲ್ಲಿ ಆ ರೋಗಾಣುವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡು ತೋರಿಸಿದರು. 2005ರಲ್ಲಿ ರಾಬಿನ್ ವಾರೆನ್ ಜೊತೆ ನೊಬೆಲ್ ಬಂತು. ಬೇಕೆಂದೇ ಫೇಲಾಗಿ ರ್‍ಯಾಂಕು ಬಂದವರು ಇವರೊಬ್ಬರೇ ಇರಬೇಕು. ಮಿರ್ಚಿಗೆ ಜಾಮೀನು ಸಿಕ್ಕಿತು ಎಂದು ಹೆಂಡತಿಗೆ ಹೇಳಿದೆ. "ಅದು ಹುಣ್ಣಿನ ಕೇಸು. ಉರಿ ಕೇಸು ಬ್ಯಾರೆ ಐತಿ" ಎಂದಳು. ಆಕೆ ಹೇಳಿದ್ದೇ ಸರಿ.

ಮರುದಿನ ಔಷಧಿ ಅಂಗಡಿಗೆ ಹೋದೆ. ನಮ್ಮ ಅಂಗಡಿಗಳಲ್ಲಿ ಮೆಟ್ಟಿಲುಗಳಿಲ್ಲ, ನೇರ ಲಿಫ್ಟು. "ಗ್ಯಾಸ್ ಗುಳಿಗಿ ಕೊಡ್ರಿ" ಎಂದರೆ ಸಾಕು, ಪ್ಯಾಂಟೊಪ್ರಜೋಲ್ ಕೈಗೆ ಬರುತ್ತದೆ. ಕಾಯಿದೆ ಪ್ರಕಾರ ಡಾಕ್ಟರ ಚೀಟಿ ಬೇಕು. ಕಾಯಿದೆ ಗೋಡೆಯ ಮೇಲಿರುತ್ತದೆ, ಗಿರಾಕಿ ಕಟ್ಟೆಯ ಮುಂದೆ ಇರುತ್ತಾನೆ. ಮೊಣಕಾಲು ನೋವಿಗೆ ಹೋದರೂ ಚೀಟಿಯ ಮೊದಲ ಸಾಲಿನಲ್ಲಿ ಅದೇ ಗುಳಿಗೆ. ಜನೌಷಧಿ ಕೇಂದ್ರದಲ್ಲಂತೂ ಒಂದು ಪಟ್ಟಿಗೆ ಎರಡು ಮಿರ್ಚಿಯ ದುಡ್ಡು. ರಾನಿಟಿಡಿನ್‌ನ ಗತಿ ಕೇಳಿದೆ. ಒಂದು ಕಾಲದಲ್ಲಿ ನಮ್ಮ ಸ್ಟಾಫ್‌ರೂಮಿನಲ್ಲಿ ಸೀಮೆಸುಣ್ಣಕ್ಕಿಂತ ಹೆಚ್ಚು ಖರ್ಚಾಗುತ್ತಿದ್ದ ಗುಳಿಗೆ ಅದು. ಅದರಲ್ಲಿ ಕ್ಯಾನ್ಸರಿನ ಶಂಕೆಯ ಕಲ್ಮಶ ಕಂಡಿತೆಂದು ಅಮೆರಿಕ 2020ರಲ್ಲಿ ಪೇಟೆಯಿಂದ ತೆಗೆಸಿತು. ನಮ್ಮ ಸರ್ಕಾರ 2022ರಲ್ಲಿ ಅಗತ್ಯ ಔಷಧಿಗಳ ಪಟ್ಟಿಯಿಂದ ಅದರ ಹೆಸರು ಹೊಡೆಯಿತು. ಪಾಪ, ಅದೂ ರಿಟೈರಾಯಿತು.

ಕೊನೆಗೆ ಹೆದರುತ್ತಲೇ ಕೇಳಿದೆ: "ವೋನೊಪ್ರಜಾನ್ ಅಂತ ಏನರ ಐತೇನಪಾ?"

ಹುಡುಗ ಕಂಪ್ಯೂಟರ್ ನೋಡಿ, "ಐತ್ರಿ ಸರ. ಎಷ್ಟು ಪಟ್ಟಿ ಕೊಡ್ಲಿ?" ಎಂದ.

ನನಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಯಾವುದಕ್ಕಾಗಿ ನನ್ನ ಮಗ ಡಲ್ಲಾಸ್‌ನಲ್ಲಿ ಎರಡು ವಿಷಯದಲ್ಲಿ ಫೇಲಾಗಬೇಕೋ ಅದು ನಮ್ಮೂರ ಕಪಾಟಿನಲ್ಲಿ ಬಿಸ್ಕೀಟಿನ ಹಾಗೆ ಕೂತಿತ್ತು. ಕೊರಿಯರ್ ಮಾಡಲೇ ಎಂದರೆ ಮಗ ಬೇಡ ಎಂದ. ಬೇಡ ಎಂದದ್ದೇ ಒಳ್ಳೆಯದಾಯಿತು. ಯಾಕೆಂದರೆ ಅಂಗಡಿಯ ಹುಡುಗ ನನ್ನನ್ನು ಕೇಳಿದ್ದು ಎಷ್ಟು ಪಟ್ಟಿ ಎಂದು ಮಾತ್ರ. ಯಾರಿಗೆ, ಯಾಕೆ, ಎಷ್ಟು ದಿನದಿಂದ ಎಂದು ಕೇಳಲಿಲ್ಲ. ಅಲ್ಲಿ ಕಂಪನಿ ನೂರು ಪ್ರಶ್ನೆ ಕೇಳುತ್ತದೆ, ಇಲ್ಲಿ ಅಂಗಡಿ ಒಂದನ್ನೂ ಕೇಳುವುದಿಲ್ಲ. "ಹುಳಿ ತೇಗೋ, ಬರೇ ತೇಗೋ" ಎಂದು ಕೇಳುವವರು ಎರಡೂ ಕಡೆ ಇಲ್ಲ.

ನಮ್ಮ ವಿಮೆಯ ಕಥೆ ಬೇರೆ. 1986ರಲ್ಲಿ ಮೆಡಿಕ್ಲೇಮ್ ಬಂದಾಗಿನಿಂದ ಅದರ ಮೂಲಮಂತ್ರ ಒಂದೇ: ಇಪ್ಪತ್ನಾಲ್ಕು ತಾಸು ಆಸ್ಪತ್ರೆಯ ಮಂಚದ ಮೇಲೆ ಮಲಗು. ಕೂತು ಉರಿದರೆ ಇಲ್ಲ, ನಿಂತು ಉರಿದರೆ ಇಲ್ಲ. ದಿನದಿನದ ಗುಳಿಗೆಯ ಖರ್ಚು ನಮ್ಮದೇ. ಆದ್ದರಿಂದ ನಮ್ಮಲ್ಲಿ ಎದೆಯುರಿಗೆ ವಿಮೆ ಇಲ್ಲ, ಕ್ಲೇಮಿಗೆ ಹೋದವರಿಗೆ ಎದೆಯುರಿ ತರುವ ವಿಮೆ ಇದೆ. ಮೆಟ್ಟಿಲುಗಳು ನಮಗೂ ಇವೆ, ಅವು ಗುಳಿಗೆಯವಲ್ಲ, ಊರುಗಳವು. 2018ರಲ್ಲಿ ಬಂದ ಆರೋಗ್ಯ ಕರ್ನಾಟಕದ ನಿಯಮದಂತೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ಬರೆದ ಚೀಟಿ ಹಿಡಿದು ಮುಂದಿನದಕ್ಕೆ. ದೇವದುರ್ಗದ ತಾಲೂಕು ಆಸ್ಪತ್ರೆಯಿಂದ ಗಬ್ಬೂರಿನ ಮೇಲೆ ಹಾದು ರಾಯಚೂರಿನ ರಿಮ್ಸ್, ಅಲ್ಲಿಂದ ಮುಂದಕ್ಕೆ. ತುರ್ತು ಇದ್ದರೆ ಚೀಟಿ ಬೇಡ ಎಂಬ ವಿನಾಯಿತಿ ಉಂಟು. ವಿನಾಯಿತಿ ಇರುವ ನಿಯಮವನ್ನು ನಾನು ದೂರುವುದಿಲ್ಲ.

ಅಮೆರಿಕದ ನಿಯಮಕ್ಕೂ ಒಂದು ಅರ್ಥವಿದೆ ಎಂಬುದನ್ನು ಒಪ್ಪಬೇಕು. ಅಗ್ಗದ ಗುಳಿಗೆಗೇ ಬಹಳ ಜನರ ಉರಿ ಆರುತ್ತದೆ. ಹೊಸದಕ್ಕೆ ಅಲ್ಲಿ ತಿಂಗಳಿಗೆ ನೂರಾರು ಡಾಲರ್. ಎಲ್ಲರೂ ಮೊದಲ ದಿನವೇ ಮೇಲಿನ ಮೆಟ್ಟಿಲಿಗೆ ಹಾರಿದರೆ ಯಾವ ಖಜಾನೆ ತಾಳೀತು? ಅವ್ವನೂ ಎಲ್ಲದಕ್ಕೂ ಸೋಡಾ ಕೊಟ್ಟಿದ್ದರೆ ಅಪ್ಪನ ಅಂಗಿಗೆ ಜೇಬೇ ಉಳಿಯುತ್ತಿರಲಿಲ್ಲ. ಟೆಕ್ಸಾಸ್ ರಾಜ್ಯ 2017ರಲ್ಲಿ ಒಂದು ಕಾಯಿದೆ ಮಾಡಿದೆ. ಆಗಲೇ ಒಂದು ಗುಳಿಗೆಯಲ್ಲಿ ಸೋತವನನ್ನು ಮತ್ತೆ ಅದರಲ್ಲೇ ಸೋಲು ಎನ್ನಬಾರದು, ಡಾಕ್ಟರು ವಿನಾಯಿತಿ ಕೇಳಬಹುದು ಎಂದು. ಆದರೆ ಮಗನ ಕಂಪನಿ ದೊಡ್ಡದು, ನೌಕರರ ಆಸ್ಪತ್ರೆ ಖರ್ಚಿನ ಗಂಟನ್ನು ತಾನೇ ಕಟ್ಟಿಟ್ಟಿದೆ. ಅಂಥ ಸ್ವಂತ ಗಂಟಿನ ಯೋಜನೆಗಳಿಗೆ ರಾಜ್ಯದ ಕಾಯಿದೆ ಮುಟ್ಟುವುದಿಲ್ಲ, ಅವು 1974ರ ಕೇಂದ್ರ ಕಾಯಿದೆಯ ನೆರಳಿನಲ್ಲಿವೆ. ಕಾಲುವೆ ಇದೆ, ಕಾಲುವೆಯಲ್ಲಿ ನೀರೂ ಇದೆ, ಕೊನೆಯ ಹೊಲಕ್ಕೆ ಮಾತ್ರ ಬರುವುದಿಲ್ಲ. ಇದನ್ನು ಮಾನ್ವಿಯ ಕೊನೆಭಾಗದ ರೈತನಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ನನ್ನ ಮಗ ಎರಡನೇ ಪರೀಕ್ಷೆಗೆ ಕೂತ. ನಾನು ಇಲ್ಲಿಂದ ಟ್ಯೂಶನ್ ಕೊಟ್ಟೆ. ದಿನಾ ಬರೆದಿಡು: ಎಷ್ಟು ಹೊತ್ತಿಗೆ ಉರಿ, ಎಷ್ಟು ಸಲ ಎಚ್ಚರ, ಏನು ಉಂಡೆ. ಹಾಳೆಗೆ ಅಂಚು ಬಿಟ್ಟು ಬರಿ. ಎಂಟು ವಾರವಾದ ಮೇಲೆ ಡಾಕ್ಟರು ಅದನ್ನೆಲ್ಲ ಕಂಪನಿಗೆ ಫ್ಯಾಕ್ಸ್ ಮಾಡಿದರು. ಹೌದು, ಫ್ಯಾಕ್ಸ್. ರಾಯಚೂರಿನ ಸ್ಟೇಶನ್ ರಸ್ತೆಯಲ್ಲಿ ಎಸ್‌ಟಿಡಿ ಬೂತುಗಳ ಜೊತೆಗೇ ಮಾಯವಾದ ಆ ಯಂತ್ರ ಅಮೆರಿಕದ ವಿಮೆಯಲ್ಲಿ ಇನ್ನೂ ಉಸಿರಾಡುತ್ತಿದೆ. ಎರಡನೇ ಪುಟ ಮಸುಕಾಗಿದೆ, ಮತ್ತೆ ಕಳಿಸಿ ಎಂದು ಉತ್ತರ ಬಂತು. ಫೇಲಾಗುವುದರಲ್ಲೂ ನನ್ನ ಮಗ ಫೇಲಾಗುತ್ತಿದ್ದ.

ಆ ದಿನಗಳಲ್ಲಿ ನನಗೆ ಒಬ್ಬ ಹುಡುಗ ಬಹಳ ನೆನಪಾಗುತ್ತಿದ್ದ. ಒಂಬತ್ತನೇ ಇಯತ್ತೆಯ ವಾರ್ಷಿಕ ಪರೀಕ್ಷೆ. ಅವನು ಪೆನ್ನನ್ನು ವಿಚಿತ್ರವಾಗಿ, ಬೆರಳ ತುದಿ ತಾಗದಂತೆ ಹಿಡಿದು ಬರೆಯುತ್ತಿದ್ದ. ಕೈ ತೋರಿಸು ಎಂದೆ. ಬೆರಳುಗಳು ಕೆಂಪಗೆ ಊದಿದ್ದವು. ರಜೆಯಲ್ಲಿ ಮೆಣಸಿನಕಾಯಿ ಬಿಡಿಸಲು ಕೂಲಿಗೆ ಹೋಗಿದ್ದನಂತೆ. "ರಾತ್ರಿ ಪೂರಾ ಕೈ ಉರಿತಾವ್ರಿ ಸರ" ಎಂದ. ನಾವು ಯಾವುದನ್ನು ತಿಂದು ಎದೆ ಉರಿಸಿಕೊಳ್ಳುತ್ತೇವೋ ಅದನ್ನು ಬಿಡಿಸಿದ ಕೈ ಅದು. ಗಣಿತದಲ್ಲಿ ಅವನಿಗೆ ಬಂದದ್ದು ಮೂವತ್ಮೂರು. ಪಾಸಿಗೆ ಆಗ ಮೂವತ್ತೈದು ಬೇಕಿತ್ತು. ಕೊನೆಯ ಲೆಕ್ಕದಲ್ಲಿ ಉತ್ತರ ತಪ್ಪು, ಆದರೆ ಒಂದು ಹಂತದವರೆಗೆ ಸರಿಯಾಗಿ ನಡೆದಿದ್ದ. ಎರಡು ಅಂಕ ಹಾಕಿದೆ. ಇಲಾಖೆಯ ಭಾಷೆಯಲ್ಲಿ ಅದಕ್ಕೆ ಕೃಪಾಂಕ ಎನ್ನುತ್ತಾರೆ. ಅದಕ್ಕೆ ಬೇಕಾದದ್ದು ಇಷ್ಟೇ: ಉತ್ತರಪತ್ರಿಕೆಯಿಂದ ಕಣ್ಣು ಎತ್ತಿ ಹುಡುಗನ ಮುಖ ಒಮ್ಮೆ ನೋಡಬೇಕು. ಗದ್ದ ಹಿಡಿದು ಬೆಳಕಿಗೆ ತಿರುಗಿಸುವ ಅವ್ವನ ವಿದ್ಯೆ ನನಗೆ ಬಂದದ್ದು ಅಷ್ಟೇ.

ಹೋದ ತಿಂಗಳು ಮಗನಿಗೆ ಮಂಜೂರಾತಿ ಬಂತು. ಹನ್ನೆರಡು ತಿಂಗಳಿಗೆ. ಮುಂದೆ ಮತ್ತೆ ಅರ್ಜಿ. ಮನೆಯಲ್ಲಿ ಹೆಂಡತಿ ಸಜ್ಜಕ ಮಾಡಿದಳು, ಮಗ ಫೇಲಾದ ಖುಷಿಗೆ.

ಅದೇ ವಾರ ದೇವದುರ್ಗಕ್ಕೆ ಹೋಗಬೇಕಾಗಿ ಬಂತು. ಹಳೆಯ ಮನೆಯ ಮಾಳಿಗೆ ಸೋರುತ್ತಿದೆ, ಸಾಮಾನು ತೆಗೆಯಬೇಕು ಎಂದು ತಮ್ಮ ಫೋನು ಮಾಡಿದ್ದ. ಅವ್ವ ಹೋಗಿ ಐದು ವರ್ಷವಾದರೂ ಅವಳ ಟ್ರಂಕನ್ನು ಯಾರೂ ತೆಗೆದಿರಲಿಲ್ಲ. ನಾನೇ ತೆಗೆದೆ. ಇಳಕಲ್ಲ ಸೀರೆ ಎರಡು, ಅಪ್ಪನ ಕನ್ನಡಕ, ನುಸಿಗುಳಿಗೆಯ ವಾಸನೆ. ತಳದಲ್ಲಿ ಒಂದು ಕೈವಸ್ತ್ರದ ಗಂಟು. ಬಿಚ್ಚಿದರೆ ಪ್ಯಾಂಟೊಪ್ರಜೋಲ್‌ನ ಒಂದು ಪಟ್ಟಿ.

ಕೂಡಲೇ ನೆನಪಾಯಿತು. ಅದು ನಾನೇ ತಂದುಕೊಟ್ಟ ಪಟ್ಟಿ. ಅವ್ವ ಕೊನೆಯ ಕೆಲವು ವರ್ಷ ರೊಟ್ಟಿ ಬಡಿಯುವಾಗ ಒಂದು ಕೈ ಹಿಟ್ಟಿನ ಮೇಲೆ, ಒಂದು ಕೈ ಎದೆಯ ಮೇಲೆ ಇಟ್ಟುಕೊಳ್ಳುತ್ತಿದ್ದಳು. ಏನವ್ವಾ ಎಂದರೆ, "ಒಲಿ ಝಳಪಾ, ಇನ್ನೇನು?" ಎನ್ನುತ್ತಿದ್ದಳು. ರಾಯಚೂರಿನಿಂದ ಪಟ್ಟಿ ತಂದುಕೊಟ್ಟು, ದಿನಕ್ಕೊಂದು, ಬರಿಹೊಟ್ಟೆಗೆ ಎಂದು ಎರಡು ಸಲ ಹೇಳಿ, ಒಮ್ಮೆ ಅವಳ ಬಾಯಿಂದಲೂ ಹೇಳಿಸಿದ್ದೆ. ಆಮೇಲೆ ಫೋನಿನಲ್ಲಿ ಕೇಳಿದಾಗಲೆಲ್ಲ, "ತಗೊಂಡೆನಪಾ, ಈಗ ಆರಾಮ ಐತಿ" ಎಂಬ ಉತ್ತರ. ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹತ್ತು ಮನೆಗಳಲ್ಲಿ ಎಂಟು ತುಂಬಿದ್ದವು, ಎರಡು ಖಾಲಿ. ಹತ್ತಕ್ಕೆ ಎರಡು, ಅಂದರೆ ನೂರಕ್ಕೆ ಇಪ್ಪತ್ತು ಎಂದು ಮನಸ್ಸು ಹಳೆಯ ಚಾಳಿಯಂತೆ ಲೆಕ್ಕ ಹಾಕಿತು. ಎರಡಾದರೂ ತಗೊಂಡಳಲ್ಲ ಎಂದುಕೊಂಡೆ.

ಆಮೇಲೆ ಎಳ್ಳಮಾಸಿ ನೆನಪಾಯಿತು. ಅದರ ಮುಂದಿನ ಯುಗಾದಿಯೂ ನೆನಪಾಯಿತು.

ತಮ್ಮ ಹೊರಗಿನಿಂದ, "ಏನೈತಿ ಅಣ್ಣಾ ಅದರಾಗ?" ಎಂದು ಕೂಗಿದ. "ಏನಿಲ್ಲ, ಹಳೇ ಗುಳಿಗಿ" ಎಂದೆ. ಕೈವಸ್ತ್ರವನ್ನು ಅವ್ವ ಕಟ್ಟಿದ್ದ ಹಾಗೆಯೇ ಎರಡು ಗಂಟು ಹಾಕಿ ಜೇಬಿಗಿಟ್ಟುಕೊಂಡೆ. ಬಸ್ಸು ಗಬ್ಬೂರು ದಾಟುವಷ್ಟರಲ್ಲಿ ಎದೆ ಉರಿಯತೊಡಗಿತ್ತು. ಅವತ್ತು ನಾನು ಮಿರ್ಚಿ ತಿಂದಿರಲಿಲ್ಲ.